ಮಜ್ಜೆಯೊಳಗಿನ ಬಾಡಿಗೆದಾರರು

ಹದಿನಾಲ್ಕನೇ ತಾರೀಕು, ಗುರುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ನಿನ್ನ ಕಾಗದಗಳಿಗೆ ಉತ್ತರ ಬರೆಯದೆ ಕೂತಿದ್ದೆ, ಸಿಟ್ಟಾಗಬೇಡ. ಆಪರೇಷನ್ ಆಗಿ ಕೈ ಎತ್ತಲಾಗದು ಎಂದು ನೆಪ ಹೇಳೋಣವೆಂದರೆ ನೋಯುವ ಕೈಯೇ ಬೇರೆ, ಬರೆಯುವ ಕೈಯೇ ಬೇರೆ.

ಎದೆಯ ಗಾಯ ಮಾಗಿದೆ. ಕಂಕುಳಿನ ಗಂಟುಗಳಲ್ಲಿ ಏನೂ ಇಲ್ಲವಂತೆ. ಆದರೆ ಸೊಂಟದ ಮೂಳೆಗೆ ಸೂಜಿ ಚುಚ್ಚಿ ತೆಗೆದ ಮಜ್ಜೆಯಲ್ಲಿ ಕೆಲವು ಕ್ಯಾನ್ಸರ್ ಕಣಗಳು ಸಿಕ್ಕಿವೆ. ಎದೆಯ ಮನೆ ಕೆಡವುವ ಮೊದಲೇ ಬೇರೆ ಕಡೆ ಬಾಡಿಗೆ ಹಿಡಿದ ಜಾಣರು! ನನ್ನ ನಾಲಿಗೆಗೆ ಎಲುಬಿಲ್ಲ ಎಂದು ಬೈಯುತ್ತಿದ್ದೆಯಲ್ಲ, ಈಗ ನೋಡು, ಎಲುಬಿಗೇ ಬಾಯಿ ಬಂದಿದೆ.

ಹಾಗಾದರೆ ಕಾಯಿಲೆ ಮರಳುತ್ತದೆಯೇ ಎಂದು ಡಾಕ್ಟರಮ್ಮನನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಇವು ಸಿಕ್ಕವರಿಗೆಲ್ಲ ಮರಳಲ್ಲಮ್ಮ. ಸಿಗದವರಿಗಿಂತ ಮರಳೋ ಸಾಧ್ಯತೆ ಜಾಸ್ತಿ, ಅಷ್ಟೇ. ನಿಮಗೇನಾಗುತ್ತೆ ಅಂತ ನಾನು ಹೇಳಲಾರೆ."

ಇಷ್ಟು ವರ್ಷ ಕಾಲೇಜಿನಲ್ಲಿ ನಾಣ್ಯ ಚಿಮ್ಮಿ ಸಂಭವನೀಯತೆಯ ಪಾಠ ಮಾಡಿದವಳು ನಾನು. ಮೇಲಕ್ಕೆ ಹೋದ ನಾಣ್ಯಕ್ಕೆ ಹೇಗನಿಸುತ್ತದೆ ಎಂದು ಒಬ್ಬ ವಿದ್ಯಾರ್ಥಿಯೂ ಕೇಳಿರಲಿಲ್ಲ.

ಮನೆಯಲ್ಲಿ ಇವರಿಗೆ ಹೇಳಿಲ್ಲ ಅಕ್ಕ. ಎಲ್ಲ ಸರಿಯಾಗಿದೆಯಂತೆ ಎಂದುಬಿಟ್ಟೆ. ನಮ್ಮ ದರ್ಜಿ ಸಾಹೇಬರು ಅಂದಿನಿಂದ ಶಿಳ್ಳೆ ಹಾಕುತ್ತ ಹೊಲಿಗೆ ಯಂತ್ರ ತುಳಿಯುತ್ತಿದ್ದಾರೆ. ಗಿರಾಕಿಗಳ ಬಟ್ಟೆ ಬದಿಗಿಟ್ಟು ನನಗೊಂದು ಅಂಗಿ ಹೊಲಿದರು, ಒಂದು ಕಡೆ ಹತ್ತಿ ತುಂಬಿ. ಕನ್ನಡಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲವಂತೆ. ಇಂಥ ಖುಷಿಗೆ ಕತ್ತರಿ ಹಾಕಲು ನನಗೆ ಬಾಯಿ ಬರುತ್ತಿಲ್ಲ, ನನಗೆ! ಹೇಳಲೋ ಬೇಡವೋ, ನೀನೇ ಬರೆ.

ಮಕ್ಕಳಿಗೆ ಆಶೀರ್ವಾದ. ಚಿಕ್ಕಮ್ಮ ಬಂದು ಕಿವಿ ಹಿಂಡುತ್ತಾಳೆಂದು ಹೆದರಿಸಿಡು.

ನಿನ್ನ
ಬಾಯಿಬಡುಕಿ

ತಾ.ಕ.: ಕಾಗದ ಮಡಿಸುವ ಮುನ್ನ ಆ ಅಂಗಿಯನ್ನು ಒಳಮಗ್ಗುಲು ತಿರುವಿ ನೋಡಿದೆ. ಇವರು ಯಾರಿಗೆ ಹೊಲಿದರೂ ಹೊಲಿಗೆಯ ಒಳಗೆ ಎರಡು ಬೆರಳಗಲ ಬಟ್ಟೆ ಬಿಡುತ್ತಾರೆ, ಮುಂದೆ ಯಾವತ್ತಾದರೂ ಮೈ ತುಂಬಿಕೊಂಡರೆ ಬಿಚ್ಚಿ ಸಡಿಲಿಸಲೆಂದು. ನನ್ನದರಲ್ಲಿ ಹೊಲಿಗೆಯ ಅಂಚಿಗೇ ಕತ್ತರಿಸಿದ್ದಾರೆ. ಯಾಕೆಂದು ಕೇಳಿದೆ. ತಲೆ ಎತ್ತಲಿಲ್ಲ.

"ಗಾಯಕ್ಕೆ ಉಜ್ಜುತ್ತೆ ಅಂತ ತೆಗೆದೆ ಕಣೇ."

ಗಾಯವಿರುವುದು ಎಡಗಡೆ, ಅಕ್ಕ. ಬಲಗಡೆಯೂ ಮುಂದಕ್ಕೆಂದು ಬಟ್ಟೆ ಬಿಟ್ಟಿಲ್ಲ. ಇವರಿಗೆ ಎಲ್ಲ ಗೊತ್ತಿದೆ. ಅಳತೆ ಸರಿಯಾಗಿದೆ ಎಂದು ಹೇಳಿ ಹಾಕಿಕೊಂಡೆ.