ಕೆಂಪು ದಾರದ ಮೂಟೆ

12 ಜುಲೈ 2007, ಗುರುವಾರ

ಇವತ್ತೂ ಸ್ವಾಮಿಗಳು ಅದೇ ಡಿಸ್ಕ್ ಹಾಕಿಸಿಕೊಂಡು ಕೂತರು. ಶಿವರುದ್ರಸ್ವಾಮಿ, ರಿಟೈರ್ಡ್ ಹೆಡ್ ಕಾನ್‌ಸ್ಟೇಬಲ್. ನನ್ನ ಸಿ.ಡಿ. ಲೈಬ್ರರಿಯಲ್ಲಿ ಇಂಗ್ಲೆಂಡಿನ ಚಿಲ್ಲರೆ ಕಳ್ಳರ ಕಾಮಿಡಿ ಸಿನಿಮಾ ಕೇಳುವ ಗಿರಾಕಿ ಅವರೊಬ್ಬರೇ. ಮಿಕ್ಕ ಗುಂಡ್ಲುಪೇಟೆಗೆ ಫೈಟಿಂಗ್ ಬೇಕು, ಇಲ್ಲವೇ ಹಾವು ಬೇಕು.

ಆ ಲಂಡನ್ ಕಳ್ಳರ ಇಂಗ್ಲಿಷು ನನಗೇ ಅರ್ಧ ತಿಳಿಯುವುದಿಲ್ಲ. ಸ್ವಾಮಿಗಳಿಗೆ ಒಂದಕ್ಷರವೂ ತಿಳಿಯುವುದಿಲ್ಲ. ಆದರೂ ಬೆಂಚಿನ ಮೇಲಿನ ಹಮಾಲಿಗಳಿಗೆ ಕಥೆ ಬಿಡಿಸಿ ಹೇಳುತ್ತಾರೆ. "ಬ್ಯಾಗು ಅದಲು ಬದಲಾಗೋಯ್ತು ಕಣ್ಲಾ. ಈಗ ನೋಡು ಇವರ ಪಜೀತಿ." ಸರ್ವಿಸ್‌ನಲ್ಲಿ ಇಂಥ ದಡ್ಡರನ್ನೇ ಹಿಡಿದದ್ದಂತೆ. ಬುದ್ಧಿವಂತರು ಒಬ್ಬರೂ ಸಿಗಲಿಲ್ಲವಂತೆ.

ಅಂಗಡಿಯಲ್ಲಿ ಒರಿಜಿನಲ್ ಅಂತ ಇರುವುದು ಆ ಡಿಸ್ಕ್ ಒಂದೇ. ಆಸೆಪಟ್ಟು ಬೆಂಗಳೂರಿನಿಂದ ಬಿಲ್ ಸಮೇತ ತಂದದ್ದು. ಮಿಕ್ಕದ್ದೆಲ್ಲ ಕಾಪಿ…

13 ಜುಲೈ, ಮಧ್ಯಾಹ್ನ

ಚಾಮರಾಜನಗರದಲ್ಲಿ ಎರಡು ಸಿ.ಡಿ. ಅಂಗಡಿಗೆ ಬೀಗ. ಕಾಪಿ ಸಿ.ಡಿ. ಹಿಡಿಯಲು ಮೈಸೂರಿನಿಂದ ಪೊಲೀಸ್ ಸ್ಕ್ವಾಡ್ ಬಂದಿದೆ. ಒಬ್ಬನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರಂತೆ. ಮುಂದೆ ಗುಂಡ್ಲುಪೇಟೆಯೇ.

ಊಟಕ್ಕೆ ಮನೆಗೆ ಹೋದರೆ ಹೆಂಡತಿ ನಾಗಮಣಿಗೆ ಸುದ್ದಿ ಆಗಲೇ ಮುಟ್ಟಿತ್ತು. ಅಂಗನವಾಡಿ ಟೀಚರ್ ಅಲ್ಲವೇ, ತಾಯಂದಿರೆಲ್ಲ ಹೇಳಿಬಿಡುತ್ತಾರೆ. ಕೂಗಾಡಲಿಲ್ಲ. ಮಂಚದ ಮೇಲೆ ಏರ್‌ಬ್ಯಾಗ್ ಇಟ್ಟುಕೊಂಡು ಸೀರೆ ಮಡಚುತ್ತಿದ್ದಳು.

"ನಿಮ್ಮನ್ನ ಜೀಪಲ್ಲಿ ಕೂರುಸ್ಕೊಂಡ್ ಓದ್ರೆ ಆ ಮಕ್ಳ ತಾಯಂದ್ರ ಮುಂದೆ ಎಂಗ್ ನಿಂತ್ಕಳ್ಲಿ? ನಾನು ಉಡಿಗಾಲಕ್ಕೆ ನಮ್ಮಪ್ಪನ ಮನೆಗೆ ಓಯ್ತೀನಿ. ವಾಪಸ್ ಬರಕಿಲ್ಲ."

ಸುಮ್ಮನೆ ಹೆದರಿಸುವವಳಲ್ಲ. ಪೊಲೀಸರಿಗಿಂತ ಆ ಬ್ಯಾಗು ನೋಡಿ ಭಯವಾಯಿತು. ಅನ್ನ ಇಳಿಯಲಿಲ್ಲ.

ಅದೇ ದಿನ, ಸಂಜೆ

ಎದುರಿನ ಈರುಳ್ಳಿ ಮಂಡಿಯ ಹಮಾಲಿ ಶಿವಮಲ್ಲು ಐಡಿಯಾ ಕೊಟ್ಟ. ಕವರ್ ಎಲ್ಲ ಒಲೆಗೆ. ಕಾಪಿ ಡಿಸ್ಕೆಲ್ಲ ಒಂದೇ ಮೂಟೆಗೆ, ಮೇಲೂ ಕೆಳಗೂ ಸಾಂಬಾರ್ ಈರುಳ್ಳಿ. ಬಾಯಿ ಹೊಲಿದದ್ದು ಕೆಂಪು ದಾರದಲ್ಲಿ, ಗುರುತಿಗೆ. ಮಂಡಿಯ ಮೂಲೆಯಲ್ಲಿ ಬೇರೆ ಮೂಟೆಗಳ ಜೊತೆ ನಿಲ್ಲಿಸಿದೆವು. ಮೂಟೆ ಅಂದ ಮೇಲೆ ಬಚ್ಚಿಡಲು ಈರುಳ್ಳಿ ಮಂಡಿಗಿಂತ ಒಳ್ಳೆ ಜಾಗ ಬೇಕೇ? ಸಿನಿಮಾದ ಕಳ್ಳರಿಗಿಂತ ನಾನೇ ವಾಸಿ ಅನ್ನಿಸಿತು.

14 ಜುಲೈ, ಶನಿವಾರ

ಬಂದರು. ಹೋದರು. ಬರೆದೇ ಮಲಗಬೇಕು.

ಹನ್ನೊಂದರ ಹೊತ್ತಿಗೆ ಜೀಪು. ಇನ್ಸ್‌ಪೆಕ್ಟರು ಖಾಲಿ ರ‍್ಯಾಕ್ ನೋಡಿ, ಲೈಬ್ರರಿ ಅಂತ ಬೋರ್ಡ್ ಹಾಕಿ ಒಂದೇ ಸಿ.ಡಿ. ಇಟ್ಟಿದ್ದೀಯಲ್ಲ ಅಂದರು. ನಾನು ಡ್ರಾಯರಿನಲ್ಲಿ ಬಿಲ್ ಹುಡುಕತೊಡಗಿದೆ. ಬೆಂಚಿನಿಂದ ಸ್ವಾಮಿಗಳು, "ಒಳ್ಳೇದು ಒಂದಿದ್ರೆ ಸಾಕಲ್ವಾ ಸಾರ್" ಅಂದರು.

ಬಿಲ್ ನೋಡಿದರು. ಡಿಸ್ಕ್ ಹಾಕಿಸಿದರು. ಸ್ವಾಮಿಗಳು ಅಭ್ಯಾಸಬಲದಿಂದ ಕಥೆ ಶುರು ಮಾಡಿಯೇಬಿಟ್ಟರು. ಚೆಕಿಂಗ್‌ಗೆ ಬಂದ ಪೇದೆಗಳು ಒಬ್ಬೊಬ್ಬರಾಗಿ ಬೆಂಚಿಗೆ ಬಂದರು. ಬ್ಯಾಗು ಬದಲಾಗುವ ಜಾಗದಲ್ಲಿ ಇನ್ಸ್‌ಪೆಕ್ಟರೂ ನಕ್ಕರು. ಉಳಿದೆ ಅಂದುಕೊಂಡೆ.

ಆಮೇಲೆ ಟೋಪಿ ಸರಿ ಮಾಡಿಕೊಂಡು ಎದ್ದು ಸೀದಾ ಮಂಡಿಗೆ ನಡೆದರು. ಯಾರೋ ಊದಿದ್ದಾರೆ. ಮೂಲೆಯ ಮೂಟೆಗಳ ಬಾಯಿ ಬಿಚ್ಚಿಸಲು ಶುರು ಮಾಡಿದರು. ನನ್ನ ಕಣ್ಣ ಮುಂದೆ ನಾಗಮಣಿಯ ಏರ್‌ಬ್ಯಾಗು. ಒಂದೊಂದಾಗಿ ಸುರಿದರು. ಈರುಳ್ಳಿ. ಮತ್ತೆ ಈರುಳ್ಳಿ. ಕೊನೆಯ ಮೂಟೆಯೂ ಈರುಳ್ಳಿಯೇ. ಕೆಂಪು ದಾರ ಎಲ್ಲೂ ಇಲ್ಲ.

ಜೀಪು ಹೋದ ಮೇಲೆ ಶಿವಮಲ್ಲು ಹತ್ತಿರ ಬಂದ. ಮುಖ ಬೆಳ್ಳಗೆ. "ಬೆಳಗ್ಗೆ ಕೇರಳದ ಲೋಡಿಗೆ ಒಂದು ಮೂಟೆ ಕಮ್ಮಿ ಬಂತಂತೆ ಸುಧಾಕರಣ್ಣ. ನಾನು ಟೀ ಕುಡ್ಯಕ್ಕೋಗಿದ್ದೆ. ನಮ್ ಉಡುಗ್ರು ಅದ್ನೇ ಏರ್ಸ್‌ಬುಟ್ಟವ್ರೆ."

ಮಂಡಿ ಮೆಟ್ಟಿಲ ಮೇಲೆ ಕೂತು ನಕ್ಕೆ. ನಕ್ಕು ನಕ್ಕು ಕಣ್ಣಲ್ಲಿ ನೀರು. ಎಷ್ಟು ಸಲ ನೋಡಿದ ಸಿನಿಮಾ, ಹಾಗೇ ಮಾಡಿದೆ. ಆ ದಡ್ಡತನವೇ ನನ್ನನ್ನು ಉಳಿಸಿತು.

ಮನೆಗೆ ಬಂದರೆ ಏರ್‌ಬ್ಯಾಗ್ ಅಟ್ಟದ ಮೇಲಿತ್ತು. ಸೀರೆಗಳು ಬೀರುವಿನಲ್ಲಿ. ಇನ್ನು ಕಾಪಿ ಮುಟ್ಟುವುದಿಲ್ಲ ಅಂದೆ. ಅವಳು ತಟ್ಟೆ ಹಾಕಿದಳು. ಎರಡು ಮುದ್ದೆ ತಿಂದೆ.

21 ಜುಲೈ

ಮೂಟೆ ವಾಪಸ್ ಬಂದಿದೆ.

ಲಾರಿ ಡ್ರೈವರ್ ಮಾದಣ್ಣ ಶಿವಮಲ್ಲುವನ್ನು ವಿಚಾರಿಸಿಕೊಂಡು ಸೀದಾ ಮನೆ ಬಾಗಿಲಿಗೇ ತಂದು ಇಳಿಸಿದ. ಕೋಳಿಕ್ಕೋಡಿನ ಸಾಹುಕಾರ ಬಿಚ್ಚಿ ನೋಡಿ, ಮಲಯಾಳದಲ್ಲಿ ಬೈದು, ಅದೇ ಕೆಂಪು ದಾರದಲ್ಲಿ ಮತ್ತೆ ಹೊಲಿಸಿ ಕಳಿಸಿದ್ದಾನೆ. ಒಳಗಿನಿಂದ ನಾಗಮಣಿ ಬಂದಳು. ಈರುಳ್ಳಿ ಬಂತಾ, ಹುಳಿಗೆ ಬೇಕಿತ್ತು ಅಂತ ಕತ್ತರಿ ತಂದಳು.

ಹೂಂ ಅಂದುಬಿಡಬಹುದಿತ್ತು. ಬಾಯಿಗೆ ಬರಲಿಲ್ಲ. "ಈರುಳ್ಳಿ ಅಲ್ಲ ಕಣೇ" ಅಂದೆ.

"ಗೊತ್ತು" ಅಂದಳು. "ನೀವು ಹೇಳ್ತೀರೋ ಇಲ್ವೋ ಅಂತ ನೋಡ್ದೆ." ರೈಡ್ ಆದ ದಿನವೇ ಶಿವಮಲ್ಲುವನ್ನು ಕರೆದು ಕೇಳಿದ್ದಳಂತೆ. ಕತ್ತರಿಯಲ್ಲಿ ಆ ಕೆಂಪು ದಾರ ಕತ್ತರಿಸಿದಳು. ಹೊರಗೆ ಬಿದ್ದ ಈರುಳ್ಳಿಯನ್ನು ಬಿಡಲಿಲ್ಲ, ಆಯ್ದುಕೊಂಡು ಅಡುಗೆಮನೆಗೆ ಹೋದಳು. ಹುಳಿ ಚೆನ್ನಾಗಿತ್ತು.

29 ಜುಲೈ, ಭಾನುವಾರ. ಉಡಿಗಾಲ

ಮಾವನ ಸೂರ್ಯಕಾಂತಿ ಹೊಲದ ಬದುವಿನ ಮೇಲೆ ಕೂತು ಬರೆಯುತ್ತಿದ್ದೇನೆ. ಕಾಳು ಕಟ್ಟುವ ಹೊತ್ತು, ಗಿಣಿ ಕಾಟ. ಉಪಾಯ ನಾಗಮಣಿಯದೇ. ಸಾಲು ಸಾಲಿಗೂ ಕಡ್ಡಿ ನೆಟ್ಟು, ದಾರ ಎಳೆದು, ಡಿಸ್ಕೆಲ್ಲ ತೂಗುಹಾಕಿದ್ದೇವೆ. ಗಾಳಿಗೆ ಹೊಲ ಪೂರ್ತಿ ಮಿಣಮಿಣ. ಬೆಳಗಿನಿಂದ ಒಂದು ಗಿಣಿಯೂ ಇಳಿದಿಲ್ಲ. ಮಾವ ಚಿಕ್ಕಯ್ಯನವರು ಮೊದಲ ಸಲ ಅಳಿಯನ ವ್ಯಾಪಾರವನ್ನು ಹೊಗಳಿದರು.

ಹೀಗೆ ಬಟಾಬಯಲಲ್ಲಿ ನೇತಾಡುತ್ತಿವೆಯಲ್ಲ ಅಂತ ನನಗೆ ಒಳಗೊಳಗೇ ಅಳುಕು. ನಾಗಮಣಿ ಗಂಟು ಬಿಗಿಯುತ್ತಾ ನಕ್ಕಳು. "ಇಲ್ಲಿ ಯಾರ್ ಬಂದ್ ರೈಡ್ ಮಾಡಾರು ಬುಡಿ. ಗಿಣಿಗೋಳೂ ಬರಕಿಲ್ಲ." ಎಷ್ಟು ದಿನವಾಗಿತ್ತು ಅವಳು ಹೀಗೆ ನಕ್ಕು. ಎದೆ ಹಗುರಾಯಿತು.

ಊಟಕ್ಕೆ ಅಂತ ಸ್ವಾಮಿಗಳನ್ನೂ ಕರೆದುಕೊಂಡು ಬಂದಿದ್ದೇವೆ. ಕನ್ನಡಕ ಏರಿಸಿಕೊಂಡು ಸಾಲಿನುದ್ದಕ್ಕೂ ಡಿಸ್ಕಿನ ಮೇಲಿನ ಸಿನಿಮಾ ಹೆಸರು ಓದುತ್ತಾ ಬರುತ್ತಿದ್ದಾರೆ. ಒಂದರ ಹತ್ತಿರ ನಿಂತರು. ಆ ಕಡೆ ಈ ಕಡೆ ನೋಡಿದರು. ಇದೊಂದು ನೋಡಿಲ್ಲ ಅಂತ ನನಗೆ ಸನ್ನೆ ಮಾಡಿ, ದಾರ ಬಿಚ್ಚಿ, ಅಂಗಿಯೊಳಗೆ— ಅಯ್ಯೋ, ಹಿಂದೆಯೇ ನಾಗಮಣಿ ನಿಂತಿದ್ದಾಳೆ!