ಪಕ್ಕದ ಮನೆಯ ಹಾಲು

ಹಲಸೂರು,
೧೮-೨-೧೯೪೪

ಮಗಾ ಅಂಜನಮೂರ್ತಿ,

ನಿನ್ನ ಅಮ್ಮನ ಆಶೀರ್ವಾದ. ಮೈ ಹುಷಾರಾಗಿದೆಯೇ? ನೀನು ಲಾರಿ ಓಡಿಸುವ ಊರಿನ ಹೆಸರು ಬರೆಯಲು ಮಿಲಿಟರಿಯವರು ಬಿಡುವುದಿಲ್ಲವಂತೆ. ಅಲ್ಲಿ ಚಳಿಯೋ ಸೆಕೆಯೋ, ಅದನ್ನಾದರೂ ಬರೆ. ಹೊಟ್ಟೆಗೆ ಏನು ಹಾಕುತ್ತಾರೆ? ನನ್ನ ಮಂಡಿನೋವು ಇದ್ದಂತೆಯೇ ಇದೆ. ಮೂರನೇ ಕ್ಲಾಸಿನ ಅಕ್ಷರದಲ್ಲಿ ನಾನೇ ಬರೆಯುತ್ತಿದ್ದೇನೆ, ನಿಧಾನವಾಗಿ ಓದಿಕೋ.

ನಿನಗೆ ಹೆಣ್ಣುಮಗು ಹುಟ್ಟಿದೆ. ತಾಯಿ ಮಗು ಇಬ್ಬರೂ ಕ್ಷೇಮ. ಇದನ್ನು ಮನಸ್ಸಿಗೆ ಹಾಕಿಕೊಂಡು ಮಿಕ್ಕದ್ದನ್ನು ಓದು. ಆದಿಲಕ್ಷ್ಮಿಗೆ ತಾಯಿಯಿಲ್ಲವಲ್ಲ, ಚೊಚ್ಚಲ ಹೆರಿಗೆ, ಬಾಣಂತನ ಎಲ್ಲ ನನ್ನ ಪಾಲಿಗೇ ಬಂತು. ದಿನ ತುಂಬಿದರೂ ಅವಳನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಬೆಳಗ್ಗೆ ಕೆರೆಯವರೆಗೆ ನಡೆಸಿಕೊಂಡು ಹೋಗುತ್ತಿದ್ದೆ, ಸಂಜೆ ಸೊಂಟಕ್ಕೆ ಹರಳೆಣ್ಣೆ ತಿಕ್ಕಿ ಬಿಸಿನೀರು ಹುಯ್ಯುತ್ತಿದ್ದೆ. ನಿನ್ನ ಹಳೆಯ ಪಂಚೆಗಳನ್ನೆಲ್ಲ ಕುದಿಸಿ ಬಿಸಿಲಿಗೆ ಒಣಗಿಸಿಟ್ಟೆ. ನೋವು ಹಗಲಿನಲ್ಲೇ ಶುರುವಾಯಿತು. ಸೂಲಗಿತ್ತಿ ಯಶೋದಮ್ಮ ಬಂದು ನೋಡಿ, “ಮಲಗ್ಬೇಡ ಕಣಮ್ಮ, ಓಡಾಡು, ಮಗು ತಾನೇ ದಾರಿ ಮಾಡ್ಕೊಂಡು ಬರ್ತದೆ” ಅಂದಳು. ಹುಡುಗಿ ಗೋಡೆ ಹಿಡಿದು ನಡೆದಳು, ಕೊನೆಗೆ ತೊಲೆಗೆ ಕಟ್ಟಿದ ಹಗ್ಗ ಹಿಡಿದು ಕುಕ್ಕರುಗಾಲಲ್ಲಿ ಕೂತಳು. ನಡುವೆ ನಿನ್ನನ್ನು ಚೆನ್ನಾಗಿ ಬೈದಳು, ಏನೆಂದು ಬರೆಯುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಹೆರಿಗೆಯಾಯಿತು. ಮಗುವಿನ ಹಣೆ ನಿನ್ನದೇ.

ಮೊದಲು ಎಲ್ಲ ಸರಿಯಾಗಿಯೇ ಇತ್ತು. ಅವಳ ಹೊಟ್ಟೆಗೆ ಬಟ್ಟೆ ಬಿಗಿದು, ಹುರಿದ ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು ಕೊಡುತ್ತಿದ್ದೆ. ಮಗುವನ್ನು ಕಾಲಮೇಲೆ ಹಾಕಿಕೊಂಡು ನೀರೆರೆದು ಸಾಂಬ್ರಾಣಿ ಹೊಗೆ ತೋರಿಸುತ್ತಿದ್ದೆ. ಅಷ್ಟರಲ್ಲಿ ಬಾಣಂತಿಗೆ ಜ್ವರ ಏರಿತು. ದಂಡಿನ ಆಸ್ಪತ್ರೆಯಿಂದ ಡಾಕ್ಟರಮ್ಮನನ್ನು ಜಟಕಾದಲ್ಲಿ ಕರೆತಂದೆ. ಮಾತ್ರೆ ಕೊಟ್ಟು, ಕಾಯಿಸಿದ ನೀರು ಧಾರಾಳವಾಗಿ ಕುಡಿಸಿ ಎಂದು ಹೇಳಿಹೋದರು. ಆದರೆ ಜ್ವರದ ತಾಪಕ್ಕೆ ಎದೆಹಾಲು ಬತ್ತಿಹೋಯಿತು. ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಹನಿಹನಿಯಾಗಿ ಹಾಕಿದರೆ ಮಗು ಕಕ್ಕಿತು. ಅಳುವ ದನಿ ಸಣ್ಣದಾಯಿತು. ಆಮೇಲೆ ಅಳುವುದನ್ನೇ ಬಿಟ್ಟಿತು.

ಪಕ್ಕದ ಮನೆಯ ಜಹನಾರಾ ಗೊತ್ತಲ್ಲ, ಸಿಪಾಯಿಗಳ ಬಟ್ಟೆ ಹೊಲಿಯುವ ಶಫಿಯ ಹೆಂಡತಿ. ಅವಳ ಗಂಡುಮಗು ಇನ್ನೂ ಹಾಲು ಕುಡಿಯುತ್ತದೆ. ಗೋಡೆಯಾಚೆಯಿಂದ ಕೂಗಿದಳು: “ಅಮ್ಮಾ, ಬಚ್ಚಿದು ಆವಾಜೇ ಇಲ್ವಲ್ಲ, ಏನಾಯ್ತು? ನನ್ ಹತ್ರ ಕೊಡಿ, ನಂಗೆ ಹಾಲು ಬಹುತ್ ಇದೆ.” ಆ ಮನೆಯಲ್ಲಿ ನಾನು ನೀರನ್ನೂ ಮುಟ್ಟಿದವಳಲ್ಲ. ಆದಿಲಕ್ಷ್ಮಿಯ ಮುಖ ನೋಡಿದೆ. “ಕೊಡಿ ಅತ್ತೆ” ಅಂದಳು, ಅಷ್ಟೇ. ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ನಾನೇ ಅವರ ಹೊಸಿಲು ದಾಟಿದೆ. ಮಗುವಿಗೆ ಚೀಪುವ ಶಕ್ತಿಯೂ ಇರಲಿಲ್ಲ. ಜಹನಾರಾ ಅದರ ತುಟಿಯ ಮೇಲೆ ಹಾಲು ಹಿಂಡುತ್ತಲೇ ಇದ್ದಳು. ಬಹಳ ಹೊತ್ತಿನ ಮೇಲೆ ಗುಟುಕರಿಸಿದ ಸದ್ದು ಕೇಳಿತು. ನಾನು ಅವರ ಚಾಪೆಯ ಮೇಲೆಯೇ ಕೂತೆ. ಅವಳ ಅತ್ತೆ ತಂದುಕೊಟ್ಟ ಚಹಾ ಕುಡಿದೆ.

ಜ್ವರ ಇಳಿಯುವ ತನಕ ಹೀಗೆಯೇ ನಡೆಯಿತು. ಯಶೋದಮ್ಮ ದಿನವೂ ಬಂದು, “ಹಾಲು ಬರ್ಲಿ ಬಿಡ್ಲಿ, ಚೀಪ್ತಾ ಇರ್ಲಿ” ಎಂದು ಮಗುವನ್ನು ತಾಯಿಯ ಎದೆಗೂ ಹಚ್ಚಿಸುತ್ತಿದ್ದಳು. ಈಗ ಆದಿಲಕ್ಷ್ಮಿಗೇ ಹಾಲು ತಿರುಗಿ ಬಂದಿದೆ, ಮಗುವಿನ ಕೆನ್ನೆ ತುಂಬಿದೆ. ಜಹನಾರಾಳ ಜನರಲ್ಲಿ ಒಂದೇ ಎದೆಯ ಹಾಲು ಕುಡಿದವರು ಒಡಹುಟ್ಟಿದವರೇ ಅಂತೆ. ಅಂತೂ ನಿನ್ನ ಮಗಳಿಗೆ ಈಗಲೇ ಒಬ್ಬ ಅಣ್ಣನಿದ್ದಾನೆ.

ದೊಮ್ಮಲೂರಿನಿಂದ ನಿನ್ನ ಚಿಕ್ಕಪ್ಪ ಮುನಿಆಂಜನಪ್ಪ ಮಗು ನೋಡಲು ಬಂದಿದ್ದ. ವಿಷಯ ತಿಳಿದು ಕೆಂಡವಾದ. “ಜಾತಿ ಕೆಡಿಸ್ಬಿಟ್ರಲ್ಲ ಅತ್ಗೆ!” ಅಂದ. “ನಿಂಗೆ ಹಾಲು ಬರೋ ಹಾಗಿದ್ರೆ ನಿನ್ನ ಹತ್ರಾನೇ ತರ್ತಿದ್ದೆ ಕಣಪ್ಪ” ಅಂದೆ. ತೋಟದಿಂದ ತಂದಿದ್ದ ಸೊಪ್ಪನ್ನೂ ವಾಪಸು ಎತ್ತಿಕೊಂಡು ಹೊರಟುಹೋದ.

ವೇಳೆಗೆ ಸರಿಯಾಗಿ ಉಣ್ಣು. ನಿದ್ದೆಗಣ್ಣಿನಲ್ಲಿ ಲಾರಿ ಹತ್ತಬೇಡ. ದೇವರು ನಿನ್ನ ದಾರಿ ಕಾಯಲಿ.

ನಿನ್ನ ಅಮ್ಮ,
ಗೋವಿಂದಮ್ಮ

ತಾ.ಕ.: ತಾಯಿ ಮಗು ಇಬ್ಬರನ್ನೂ ಮನೆಯಿಂದ ಆಚೆಗೆ ಕಳಿಸಬೇಕೆಂದು ಚಿಕ್ಕಪ್ಪ ನಿನಗೂ ಕಾಗದ ಹಾಕುತ್ತಾನಂತೆ. ಹಾಗೆಂದು ಆದಿಲಕ್ಷ್ಮಿಯ ಎದುರಿಗೇ ಹೇಳಿಹೋದ. ಅಂದಿನಿಂದ ಅಂಚೆಯವನ ಸದ್ದು ಕೇಳಿದರೆ ಮಗುವನ್ನು ಅವುಚಿಕೊಳ್ಳುತ್ತಾಳೆ. ಉತ್ತರವನ್ನು ನನಗೆ ಬರೆಯಬೇಡ, ಅವಳ ಹೆಸರಿಗೇ ಬರೆ. ಹೆಂಡತಿಗೆ ಕಾಗದ ಬರೆಯುವ ರೂಢಿ ನಮ್ಮಲ್ಲಿಲ್ಲ, ಆದರೂ ಬರೆ. ಮಗಳಿಗೆ ಹೆಸರು ನೀನೇ ಆರಿಸಿ ಕಳಿಸು. ನೀನು ಏನೇ ಬರೆದರೂ ಅವರಿಬ್ಬರೂ ಈ ಮನೆ ಬಿಟ್ಟು ಹೋಗುವುದಿಲ್ಲ, ಅದನ್ನು ನಾನು ಅವಳಿಗೆ ಆಗಲೇ ಹೇಳಿದ್ದೇನೆ. ಆದರೆ ಅವಳಿಗೆ ಆ ಮಾತು ನಿನ್ನಿಂದ ಬೇಕಾಗಿದೆ.