ಮೈಕಪ್ಪ ಮರೆತಿರಲಿಲ್ಲ

ಮಾರ್ಚ್ ೧೨, ಭಾನುವಾರ

ನನ್ನ ಪ್ರೀತಿಯ ಗೆಳತಿಗೆ,

ನಿನ್ನ ಕಾಗದ ಬಂದು ಹನ್ನೊಂದು ದಿನವಾಯಿತು. ಅಪ್ಪನನ್ನು ಕಳೆದುಕೊಂಡವಳಿಗೆ ಎರಡು ಸಾಲು ಬರೆಯಲು ಇವಳಿಗೆ ಇಷ್ಟು ದಿನ ಬೇಕೇ ಎಂದು ಬೇಸರಪಟ್ಟಿರುತ್ತೀಯ. ನೀನು ಸಮಾಧಾನ ಕೇಳಿದ್ದರೆ ಅಂದೇ ಬರೆಯುತ್ತಿದ್ದೆ. ನೀನು ಕೇಳಿದ್ದು ಬೇರೆ: “ಅವತ್ತು ಅಪ್ಪ ನಿಜವಾಗ್ಲೂ ಮರೆತಿದ್ರಾ? ನೀನು ಅಲ್ಲೇ ಇದ್ದೆಯಲ್ಲ, ಹೇಳು.”

ಮರೆತಿರಲಿಲ್ಲ ಕಣೇ. ಮರೆತವಳು ನಾನು.

ಕಳೆದ ವಾರ ಬಸ್ ನಿಲ್ದಾಣದಲ್ಲಿ ನಿನ್ನ ಅಪ್ಪನಿಗಾಗಿ ಸಂತಾಪ ಸಭೆ ಸೇರಿದ್ದೆವು. ಆರು ವರ್ಷ ಅವರ ಮುಖ ಕಂಡರೆ ರಸ್ತೆ ದಾಟುತ್ತಿದ್ದವರೆಲ್ಲ ಮೂಗು ಒರೆಸಿಕೊಳ್ಳುತ್ತ ಬಂದಿದ್ದರು. ಒಬ್ಬೊಬ್ಬರದೂ ಒಂದೊಂದು ನೆನಪು. “ಹಸಿರು ಚೀಲದ ಅಜ್ಜಿ, ಓಡಬೇಡಿ, ಡ್ರೈವರ್ ಇನ್ನೂ ಟೀ ಕುಡೀತಿದ್ದಾನೆ” ಎಂದು ಅವರು ಬಸ್ಸುಗಳ ಹೊತ್ತು ತಿಳಿಸುವ ಮೈಕಿನಲ್ಲಿ ಕೂಗಿದ್ದನ್ನು ಆ ಅಜ್ಜಿಯ ಮೊಮ್ಮಗಳೇ ಹೇಳಿದಳು. ಮದುವೆಗೆ ಹೊರಟವರಿಗೆ, “ನಿಮ್ಮ ಕಡೆಯವರೊಬ್ಬರು ಶೌಚಾಲಯದಲ್ಲೇ ಇದ್ದಾರೆ, ತಲೆ ಎಣಿಸ್ಕೊಂಡು ಹೊರಡಿ, ಅವರೇ ಮದುಮಗ ಆಗಿದ್ರೆ ಕಷ್ಟ” ಅಂದದ್ದನ್ನು ಕಂಡಕ್ಟರ್ ಹೇಳಿದಾಗ ಅಳುತ್ತಿದ್ದವರೂ ನಕ್ಕರು. ಕೊನೆಗೆ ನಮ್ಮ ಮೇಲಧಿಕಾರಿ ಎದ್ದು, “ಆ ಒಂದು ತಪ್ಪು ಬಿಟ್ರೆ ಮೈಕಪ್ಪ ಚಿನ್ನದಂಥ ಮನುಷ್ಯ” ಅಂದರು. ಎಲ್ಲರೂ ಹೌದು ಹೌದು ಅಂದರು. ನಾನೂ ತಲೆಯಾಡಿಸಿದೆ. ಆಡಿಸಿದ ಮೇಲೆ ಆ ತಲೆಯನ್ನು ಎಲ್ಲಿಟ್ಟುಕೊಳ್ಳಲೆಂದು ತಿಳಿಯಲಿಲ್ಲ.

ನಿನಗೆ ಗೊತ್ತಿರುವುದು ಊರು ಹೇಳಿದ ಕಥೆ. ನಡೆದದ್ದು ಹೀಗೆ. ದೊಡ್ಡಾಸ್ಪತ್ರೆ ಕಡೆಗೆ ಹೋಗುವ ಕೊನೆಯ ಬಸ್ಸು ನಾಲ್ಕೂವರೆಯ ಬದಲು ನಾಲ್ಕಕ್ಕೇ ಹೊರಡಬೇಕೆಂದು ಅವತ್ತು ಬೆಳಿಗ್ಗೆ ಆದೇಶ ಬಂತು. ಬಂದದ್ದು ನನ್ನ ಮೇಜಿಗೆ. ಅದನ್ನು ಚೀಟಿಯಲ್ಲಿ ಬರೆದು ಮೈಕಿನ ಕೋಣೆಗೆ ಕೊಡುವುದು ನನ್ನ ಕೆಲಸ. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ, ನಾನು ಮಾಮ ಅನ್ನುತ್ತಿದ್ದ ನಿನ್ನ ಅಪ್ಪನೇ ಹತ್ತು ಜನರ ಹತ್ತಿರ ಹೇಳಿ ಕೊಡಿಸಿದ್ದು. ಅವತ್ತು ನಮ್ಮ ವಿಭಾಗದಲ್ಲಿ ಯಾರದೋ ಹುಟ್ಟುಹಬ್ಬ. ಆದೇಶದ ಮೇಲೆ ಊಟದ ಡಬ್ಬಿ ಇಟ್ಟು ಎದ್ದು ಹೋದವಳು, ಡಬ್ಬಿ ಎತ್ತಿದ್ದು ನಾಲ್ಕೂಕಾಲಿಗೆ.

ನಿಲ್ದಾಣದ ಬೆಂಚಿನಲ್ಲಿ ಆ ಬಡಗಿ ಕೂತಿದ್ದ. ಆಸ್ಪತ್ರೆಯಲ್ಲಿ ಹೆಂಡತಿಗೆ ಹೆಚ್ಚಾಗಿದೆ ಎಂದು ಫೋನ್ ಬಂದಿತ್ತು. ಬಸ್ಸು ಕಣ್ಣೆದುರೇ ಹೊರಟರೂ, ಮೈಕಪ್ಪ ಕೂಗಿಲ್ಲವಲ್ಲ, ಅದು ನನ್ನದಲ್ಲ ಎಂದು ಕೂತೇ ಇದ್ದ. ಅಷ್ಟು ನಂಬಿಕೆ. ಮರುದಿನ ಬೆಳಗಿನ ಬಸ್ಸಿನಲ್ಲಿ ಅವನು ಹೋಗಿ ತಲುಪುವಷ್ಟರಲ್ಲಿ ಅವಳು ಹೋಗಿಬಿಟ್ಟಿದ್ದಳು.

ವಿಚಾರಣೆಯಲ್ಲಿ ಮೇಲಧಿಕಾರಿ ನನ್ನನ್ನೇ ಮೊದಲು ಕೇಳಿದರು, “ಚೀಟಿ ಕೊಟ್ಟಿದ್ದೆಯಾ?” ಬಾಯಿ ತಾನಾಗಿ, “ಕೊಟ್ಟಿದ್ದೆ ಸಾರ್” ಅಂತು. ಮಾಮ ನನ್ನನ್ನೇ ನೋಡಿದರು. ಸಿಟ್ಟಿನಿಂದಲ್ಲ. ಪರೀಕ್ಷೆಯಲ್ಲಿ ನಪಾಸಾದಾಗ ನಮ್ಮಿಬ್ಬರನ್ನೂ ನೋಡುತ್ತಿದ್ದರಲ್ಲ, ಹಾಗೆ. ಆಮೇಲೆ ಹೇಳಿದರು, “ಕೊಟ್ಟಿರ್ತಾಳೆ ಸಾರ್. ವಯಸ್ಸಾಯ್ತು, ನಾನೇ ಮರೆತಿರ್ಬೇಕು.”

ಮರುವಾರವೇ ಮೈಕಿನ ಜಾಗಕ್ಕೆ ಯಂತ್ರದ ಧ್ವನಿ ಬಂತು. ಅವರು ಮನೆ ಸೇರಿದರು. “ಮಾತಿನ ಚಟಕ್ಕೆ ಒಂದು ಜೀವ ಹೋಯ್ತಲ್ಲ ಅಪ್ಪ” ಎಂದು ನೀನು ಅವರಿಗೆ ಬರೆದು, ಬರುವುದನ್ನೇ ಬಿಟ್ಟೆ. ನನಗದು ಗೊತ್ತಿತ್ತು. ಒಂದು ಕಾಗದ ಹಾಕಿದ್ದರೆ ನೀನು ಓಡಿ ಬರುತ್ತಿದ್ದೆ. ನಾಳೆ ಬರೆದರಾಯಿತು ಅನ್ನುತ್ತಲೇ ಆರು ವರ್ಷ ಕಳೆದೆ. ಕೆಲಸ ಹೋದೀತೆಂಬ ಹೆದರಿಕೆ ಮೊದಲ ವರ್ಷದ್ದು. ಉಳಿದ ಐದು ವರ್ಷದ್ದು ಹೆದರಿಕೆಯೂ ಅಲ್ಲ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿಬಿಟ್ಟರೆ ಎಂಬ ನಾಚಿಕೆ.

ಮೊನ್ನೆ ಶುಕ್ರವಾರ ಎಲ್ಲವನ್ನೂ ಬರೆದು ಮೇಲಧಿಕಾರಿಗೆ ಕೊಟ್ಟೆ. ಅವರು ಓದಿ, “ಸತ್ತವರ ವಿಷ್ಯ ಈಗ ಯಾಕಮ್ಮ?” ಎಂದು ಹಿಂದಕ್ಕೆ ತಳ್ಳಿದರು. ಅದನ್ನು ನಿಲ್ದಾಣದ ಸೂಚನಾ ಫಲಕಕ್ಕೆ ನಾನೇ ಅಂಟಿಸಿ ಬಂದೆ. ಈಗ ನನ್ನನ್ನು ಕಂಡು ಜನ ರಸ್ತೆ ದಾಟುತ್ತಾರೆ. ಅವತ್ತು ನಿಲ್ದಾಣದಿಂದ ನೆಟ್ಟಗೆ ಬಡಗಿಯ ಅಂಗಡಿಗೆ ಹೋದೆ. ಅವನು ಬಾಗಿಲೊಂದಕ್ಕೆ ಉಜ್ಜುಗೊರಡು ಹಿಡಿಯುತ್ತಿದ್ದ. ನಾನು ಹೇಳಿ ಮುಗಿಸುವವರೆಗೂ ಕೈ ನಿಲ್ಲಿಸಲಿಲ್ಲ. ಆಮೇಲೆ ಬಟ್ಟೆಯ ಮೇಲಿನ ಹೊಟ್ಟು ಕೊಡವಿಕೊಂಡು ಹೇಳಿದ, “ಸಂತೇಲಿ ನಾಲ್ಕು ಜನರ ಮುಂದೆ ಅವರ ಮುಖಕ್ಕೆ ಉಗಿದಿದ್ದೆ ಕಣಮ್ಮ. ಒರೆಸ್ಕೊಂಡು ಸುಮ್ನೆ ಹೋದ್ರು. ನೀನು ಬಂದು ನನ್ನತ್ರ ತಪ್ಪಾಯ್ತು ಅಂದೆ. ನಾನು ಈಗ ಯಾರತ್ರ ಅನ್ಲಿ?”

ನಿನಗೂ ಇದೇ ಪ್ರಶ್ನೆ ಕಾಡುತ್ತದೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಬೈದು ಬರೆದರೂ ಸರಿ, ಬರೆಯದಿದ್ದರೂ ಸರಿ. ನಿನ್ನ ಅಪ್ಪನನ್ನು ಮಾತ್ರ ತಪ್ಪು ತಿಳಿಯಬೇಡ.

ಇನ್ನು ಗೆಳತಿ ಎಂದು ಬರೆದುಕೊಳ್ಳಲಾಗದ,
ಶಾಲೆಯಲ್ಲಿ ನಿನ್ನ ಪಕ್ಕದ ಬೆಂಚಿನವಳು

ಮರೆತ ಮಾತು: ಕೊನೆಯ ದಿನಗಳಲ್ಲಿ ನಾನು ಹೋಗಿ ಅಪ್ಪನನ್ನು ನೋಡಿಕೊಂಡೆನೆಂದು ಯಾರೋ ಹೇಳಿದರಂತೆ, ನನ್ನ ಋಣ ತೀರಿಸಲಾಗದು ಎಂದು ಬರೆದಿದ್ದೀಯ. ನಾನು ಹೋದದ್ದು ಒಂದೇ ಸಲ, ಗೇಟಿನ ತನಕ. ಅವರು ಮೆಟ್ಟಿಲ ಮೇಲೆ ಬಿಸಿಲಿಗೆ ಕೂತಿದ್ದರು. ನನ್ನನ್ನು ಕಂಡು ಏಳಲಾಗದೆ ಎದ್ದು, “ಬಾ ಮಗಳೇ” ಎಂದು ಕೈ ಎತ್ತಿದರು. ನಾನು ಬೇರೆ ಯಾರದೋ ಮನೆ ಹುಡುಕುವವಳ ಹಾಗೆ ಬಾಗಿಲುಗಳ ನಂಬರು ಓದುತ್ತ ಮುಂದೆ ನಡೆದುಬಿಟ್ಟೆ.